ಹೋತದ ಫೋಟೋ ತೆಗೆಯಲು ಯಾವ ಕ್ಯಾಮೆರಾ?

ನಮ್ಮದು ಶಿರಾ ಕಡೆಯ ಒಂದು ಹಳ್ಳಿ. ಮಳೆ ಕಡಿಮೆ. ಬೆಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದರೆ ಮನೆಮನೆಯಲ್ಲೂ ನಾಲ್ಕೈದು ಆಡು, ಕುರಿ ಇವೆ. ಸೊಪ್ಪು ತರುವವರು ಹೆಂಗಸರು. ಮೇಯಿಸುವವರು ಹೆಂಗಸರು. ಮರಿಗೆ ಹುಷಾರಿಲ್ಲದಿದ್ದರೆ ರಾತ್ರಿಯೆಲ್ಲಾ ಎದ್ದಿರುವವರೂ ಹೆಂಗಸರೇ. ಮಾರುವ ದಿನ ಮಾತ್ರ ಹೆಂಗಸರು ಬಾಗಿಲ ಹಿಂದೆ.

ದಲ್ಲಾಳಿ ಬರುತ್ತಾನೆ. ಕೈಮೇಲೆ ಟವೆಲ್ ಹಾಕುತ್ತಾನೆ. ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಾನೆ. ಎಷ್ಟಕ್ಕೆ ಆಯ್ತು ಅಂತ ಪಕ್ಕದಲ್ಲಿ ನಿಂತವರಿಗೂ ಗೊತ್ತಾಗೋದಿಲ್ಲ. ನಮ್ಮ ಬೀದಿಯ ದೊಡ್ಡಮ್ಮ ಹೋದ ವರ್ಷ ಒಂದು ಹೋತವನ್ನು ಹೀಗೇ 8,000 ರೂಪಾಯಿಗೆ ಕೊಟ್ಟರು. ಅದೇ ಹೋತ ಆ ವಾರದ ಸಂತೆಯಲ್ಲಿ 11,500ಕ್ಕೆ ಹೋಯಿತು. ಈ ಸುದ್ದಿ ಕೇಳಿದ ದಿನ ದೊಡ್ಡಮ್ಮ ಊಟ ಮಾಡಲಿಲ್ಲ.

ಆಮೇಲೆ ಬೆಂಗಳೂರಿನಲ್ಲಿರುವ ಅವರ ಮಗಳು ಫೋನು ಮಾಡಿದಳು. "ಅವ್ವಾ, ಇನ್ನೊಂದು ಹೋತ ಇದೆಯಲ್ಲ, ಅದರ ಫೋಟೋ ಕಳಿಸು. ಬಕ್ರೀದ್‌ಗೆ ಇಲ್ಲಿ ಕೇಳುವವರಿದ್ದಾರೆ" ಅಂದಳು.

ಸಂಜೆ ಏಳು ಗಂಟೆ. ಕೊಟ್ಟಿಗೆಯಲ್ಲಿ ಮಂಕು ಬಲ್ಬು. ಮೊಮ್ಮಗ ತನ್ನ ಫೋನಿನಲ್ಲಿ ಫ್ಲ್ಯಾಶ್ ಹಾಕಿ ಫೋಟೋ ತೆಗೆದ. ಕರಿ ಹೋತ, ಕರಿ ಗೋಡೆ. ಫೋಟೋದಲ್ಲಿ ಕಂಡದ್ದು ಎರಡು ಹಸಿರು ಕಣ್ಣು ಮಾತ್ರ! "ಇದೇನು, ಚಿರತೆ ಮಾರ್ತಾ ಇದ್ದೀರಾ?" ಅಂತ ಆ ಕಡೆಯವರು ನಕ್ಕರು. ಆಮೇಲೆ "ಹಲ್ಲು ಎಷ್ಟು? ತೋರಿಸಿ" ಅಂದರು. ಹಲ್ಲಿನ ಫೋಟೋ ಮಜ್ಜಿಗೆ ಚೆಲ್ಲಿದ ಹಾಗೆ ಬಂತು. ಅವರು ಮತ್ತೆ ಫೋನು ಮಾಡಲಿಲ್ಲ.

"ಒಂದು ಒಳ್ಳೇ ಕ್ಯಾಮೆರಾ ಇದ್ದಿದ್ದರೆ!" ಅಂದರು ದೊಡ್ಡಮ್ಮ. ನಮ್ಮ ಸಂಘದ ಸಭೆಯಲ್ಲಿ ಆ ಮಾತು ಬಂತು. ಸಂಘದ ದುಡ್ಡಿನಲ್ಲಿ ಕ್ಯಾಮೆರಾ ಕೊಳ್ಳೋಣ ಅಂತ ಆಯಿತು. ಆದರೆ ಯಾವುದನ್ನು ಕೊಳ್ಳುವುದು?

ಕೊಳ್ಳುವವರು ಏನು ನೋಡುತ್ತಾರೆ?

ಅಕ್ಕಾ, ಮೊದಲು ಇದನ್ನು ತಿಳಿಯಬೇಕು. ಆಮೇಲೆ ಕ್ಯಾಮೆರಾ ಮಾತು.

ಬಕ್ರೀದ್‌ಗೆ ಹೋತ ಕೊಳ್ಳುವವರಿಗೆ ಒಂದು ನಿಯಮ ಇದೆ. ಹೋತಕ್ಕೆ ವರ್ಷ ತುಂಬಿರಬೇಕು. ಕುಂಟು ಇರಬಾರದು, ಕಣ್ಣು ಹೋಗಿರಬಾರದು. ಕಿವಿ, ಕೊಂಬು ಸರಿಯಾಗಿರಬೇಕು. ವರ್ಷ ತುಂಬಿದೆಯೇ ಅಂತ ಹಲ್ಲು ನೋಡಿ ತಿಳಿಯುತ್ತಾರೆ. ಆಡಿಗೆ ಮುಂದಿನ ಹಲ್ಲು ಇರುವುದು ಕೆಳಗಿನ ದವಡೆಯಲ್ಲಿ ಮಾತ್ರ. ಒಟ್ಟು 8. ಮರಿಯಲ್ಲಿ ಇವೆಲ್ಲಾ ಸಣ್ಣ ಹಾಲುಹಲ್ಲು. ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ ನಡುವಿನ ಎರಡು ಬೀಳುತ್ತವೆ. ಅಲ್ಲಿ ಎರಡು ದೊಡ್ಡ ಹಲ್ಲು ಬರುತ್ತವೆ. ಇದನ್ನೇ "ಎರಡು ಹಲ್ಲು ಹಾಕಿದೆ" ಅನ್ನುವುದು. ಆಮೇಲೆ ಹೆಚ್ಚುಕಡಿಮೆ ವರ್ಷಕ್ಕೆ ಎರಡರಂತೆ ಹಲ್ಲು ಬದಲಾಗುತ್ತವೆ. ನಾಲ್ಕು ವರ್ಷದ ಹೊತ್ತಿಗೆ ಎಂಟೂ ದೊಡ್ಡವಾಗಿರುತ್ತವೆ.

ಕುರಿಯಾದರೆ ಬೇರೆ. ಮಂಡ್ಯದ ಕಡೆಯ ಬಂಡೂರು ಕುರಿಯನ್ನು ಹಿಂದಿನಿಂದ ನೋಡುತ್ತಾರೆ. ಅದರ ತೊಡೆ ತುಂಬಿಕೊಂಡು, ಹಿಂಭಾಗ ಕಮಾನಿನ ಹಾಗೆ ಅಗಲವಾಗಿರಬೇಕು. ರಾಯಚೂರು, ಕೊಪ್ಪಳದ ಕಡೆಯ ಕೆಂಗುರಿಗೆ ಬಣ್ಣವೇ ಹೆಸರು. ಕೆಂಪು ಕುರಿ ಫೋಟೋದಲ್ಲಿ ಕಪ್ಪಾಗಿ ಕಂಡರೆ ಕೆಂಗುರಿ ಅಂತ ಯಾರು ನಂಬುತ್ತಾರೆ?

ಹಾಗಾದರೆ ನಮ್ಮ ಕ್ಯಾಮೆರಾ ಏನು ಮಾಡಬೇಕು? ಹತ್ತಿರದಿಂದ ಹಲ್ಲು ಸ್ಪಷ್ಟವಾಗಿ ತೋರಿಸಬೇಕು. ಬಣ್ಣ ಇದ್ದ ಹಾಗೇ ತೋರಿಸಬೇಕು. ಆಡು ಅಲುಗಾಡಿದರೂ ಹಿಡಿಯಬೇಕು. ಇಷ್ಟು ಸಾಕು.

ಯಾವ ಯಾವ ಕ್ಯಾಮೆರಾ ಇವೆ?

ಹಿಂದೆ ರೀಲಿನ ಕ್ಯಾಮೆರಾ ಇತ್ತು. ಒಂದು ರೀಲಿಗೆ 36 ಫೋಟೋ. ಸ್ಟುಡಿಯೋದಲ್ಲಿ ತೊಳೆಸಿ ನೋಡುವ ತನಕ ಹೇಗೆ ಬಂದಿದೆ ಅಂತ ಗೊತ್ತಾಗುತ್ತಿರಲಿಲ್ಲ. ಈಗ ಆ ತೊಂದರೆ ಇಲ್ಲ. 100 ಫೋಟೋ ತೆಗೆದು 96 ಅಳಿಸಿದರೂ ಖರ್ಚಿಲ್ಲ.

ಮದುವೆ ಮನೆಯಲ್ಲಿ ಕೊರಳಿಗೆ ಹಾಕಿಕೊಂಡು ಓಡಾಡುತ್ತಾರಲ್ಲ, ಆ ದೊಡ್ಡ ಕ್ಯಾಮೆರಾ ಚೆನ್ನಾಗಿರುತ್ತದೆ, ನಿಜ. ಆದರೆ ಹೊಸದಕ್ಕೆ ಮೂವತ್ತು ನಲವತ್ತು ಸಾವಿರ ದಾಟುತ್ತದೆ. ಮೂರು ನಾಲ್ಕು ಹೋತದ ದುಡ್ಡು! ಕೊಟ್ಟಿಗೆಯ ಧೂಳಿಗೆ ಅದನ್ನು ಒಯ್ಯುವುದಕ್ಕೂ ಭಯ. ನಮಗೆ ಬೇಡ.

ಸೋಪಿನ ಡಬ್ಬಿಯಷ್ಟು ಚಿಕ್ಕ ಕ್ಯಾಮೆರಾನೂ ಇದೆ. ಗುಂಡಿ ಒತ್ತಿದರೆ ಅದರ ಮೂತಿ ಮುಂದೆ ಬರುತ್ತದೆ. ದೂರದ್ದನ್ನು ಹತ್ತಿರ ತೋರಿಸುತ್ತದೆ. ಆದರೆ ಫೋಟೋ ಒಂದು ಸಣ್ಣ ಕಾರ್ಡಿನಲ್ಲಿ ಕೂತಿರುತ್ತದೆ. ಅದನ್ನು ಫೋನಿಗೆ ಹಾಕಿ, ಆಮೇಲೆ ಕಳಿಸಬೇಕು. ಎರಡು ಕೆಲಸ. ಹಳೆಯದನ್ನು ಕೊಂಡರೆ ಬ್ಯಾಟರಿ ಸಿಗುವುದೂ ಕಷ್ಟ.

ಗುಂಡಿ ಇರುವ ಚಿಕ್ಕ ಫೋನಿನಲ್ಲೂ ಕ್ಯಾಮೆರಾ ಇರುತ್ತದೆ. ಅದು ಹೆಸರಿಗೆ ಮಾತ್ರ. ಹತ್ತಿರ ಹಿಡಿದರೆ ಎಲ್ಲಾ ಮಸುಕು.

ಉಳಿದದ್ದು ಟಚ್ ಫೋನು. ಅದೇ ಕ್ಯಾಮೆರಾ, ಅದೇ ಅಂಚೆ. ತೆಗೆದ ಕೂಡಲೇ ಕಳಿಸಬಹುದು. ಮಾರಾಟದ ಫೋಟೋ ಕಲಿಯುವವರಿಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ. ಮನೆಯಲ್ಲಿ ಈಗಾಗಲೇ ಒಂದಿದ್ದರೆ ಮೊದಲು ಅದನ್ನೇ ಹಗಲು ಹೊತ್ತು ಪರೀಕ್ಷೆ ಮಾಡಿ. ಕೊಳ್ಳುವ ಖರ್ಚೇ ಉಳಿಯಬಹುದು. ನಮ್ಮಲ್ಲಿ ಇದ್ದ ಫೋನೆಲ್ಲಾ ಗಂಡಸರ ಜೇಬಿನಲ್ಲಿದ್ದವು. ಬೇಕೆಂದಾಗ ಸಿಗುತ್ತಿರಲಿಲ್ಲ. ಅದಕ್ಕೇ ಸಂಘಕ್ಕೆ ಒಂದು ಬೇರೆ ಫೋನು ತಗೊಂಡೆವು.

ಅಂಗಡಿಯವರ ಲೆಕ್ಕ, ನಮ್ಮ ಲೆಕ್ಕ

ಅಂಗಡಿಗೆ ನಾವು ಮೂವರು ಹೋದೆವು. ಅಂಗಡಿಯವರು "ಇದು 108 ಮೆಗಾಪಿಕ್ಸೆಲ್ ಅಕ್ಕಾ, ಇದಕ್ಕೆ ಮೂರು ಕಣ್ಣು" ಅಂತ ಶುರು ಮಾಡಿದರು.

ಏನಿದು ಮೆಗಾಪಿಕ್ಸೆಲ್? ರಂಗೋಲಿಗೆ ಚುಕ್ಕೆ ಇಡುತ್ತೇವಲ್ಲ, ಹಾಗೆ. ಫೋಟೋ ಅಂದರೆ ಬಣ್ಣದ ಸಣ್ಣ ಸಣ್ಣ ಚುಕ್ಕೆಗಳ ರಂಗೋಲಿ. ಒಂದು ಮೆಗಾಪಿಕ್ಸೆಲ್ ಅಂದರೆ 10 ಲಕ್ಷ ಚುಕ್ಕೆ. 8 ಮೆಗಾಪಿಕ್ಸೆಲ್ ಅಂದರೆ 80 ಲಕ್ಷ. ಫೋನಿನಲ್ಲಿ ನೋಡುವ ಫೋಟೋಗೆ ಇಷ್ಟು ಧಾರಾಳವಾಯಿತು. ವಾಟ್ಸಾಪ್‌ನಲ್ಲಿ ಸುಮ್ಮನೆ ಕಳಿಸಿದರೆ ಅದು ಚುಕ್ಕೆ ಕಡಿಮೆ ಮಾಡಿಯೇ ಕಳಿಸುತ್ತದೆ. ಹಾಗಿರುವಾಗ 108ಕ್ಕೆ ಯಾಕೆ ಹೆಚ್ಚು ದುಡ್ಡು ಕೊಡಬೇಕು? ಮೂರು ಕಣ್ಣಿನ ಮಾತೂ ಅಷ್ಟೇ. ಕಡಿಮೆ ಬೆಲೆಯ ಫೋನಿನಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಒಂದೇ ಕಣ್ಣು.

ನಾವು ಅಂಗಡಿಯಲ್ಲೇ ಪರೀಕ್ಷೆ ಮಾಡಿದೆವು. ನಿಮಗೂ ಅದನ್ನೇ ಹೇಳುತ್ತೇನೆ. ಈ ಪುಸ್ತಕವನ್ನೇ ತಗೊಂಡು ಹೋಗಿ. ಈ ಪುಟವನ್ನು ಒಂದು ಗೇಣು ದೂರದಿಂದ ಫೋಟೋ ತೆಗೆಯಿರಿ. ಅಕ್ಷರ ಓದಲು ಬಂದರೆ ಹಲ್ಲೂ ಕಾಣುತ್ತದೆ. ಅಕ್ಷರ ಕಲಸಿಕೊಂಡರೆ ಆ ಫೋನು ಬೇಡ. ನಾವು ನೋಡಿದ ಮೊದಲನೇ ಫೋನು ಇದರಲ್ಲೇ ಸೋತಿತು. ಓದಿ ನೋಡಿದವರು ದೊಡ್ಡಮ್ಮನೇ. "ಇದರಲ್ಲಿ ಒತ್ತಕ್ಷರವೇ ಕಾಣಲ್ಲ ಕಣಮ್ಮಾ" ಅಂದರು. ಒತ್ತಕ್ಷರ ಕಲಿಯಲು ಅವರು ಎಷ್ಟು ಕಷ್ಟಪಟ್ಟಿದ್ದರು ಅಂತ ನಮಗೆ ಗೊತ್ತು!

ಆಮೇಲೆ ಕಪ್ಪು ಕೊಡೆಯನ್ನು ಅಂಗಡಿಯ ಮೂಲೆಯಲ್ಲಿ ಇಟ್ಟು ತೆಗೆದೆವು. ಕೊಡೆಯ ಮಡಿಕೆ ಕಾಣಬೇಕು. ಬರೀ ಕರಿ ಮುದ್ದೆ ಕಂಡರೆ ಕರಿ ಹೋತವೂ ಹಾಗೇ ಕಾಣುತ್ತದೆ. ಬಣ್ಣ ನೋಡಲು ನಮ್ಮ ಸೀರೆಗಳೇ ಇದ್ದವು. ಬೀದಿಯಲ್ಲಿ ನಡೆದು ಹೋಗುವ ಒಂದು ಹಸುವನ್ನೂ ತೆಗೆದೆವು. ಗುಂಡಿ ಒತ್ತಿದ ಕೂಡಲೇ ಫೋಟೋ ಬರಬೇಕು. ಒಂದು ಫೋನಿನಲ್ಲಿ ಹಸು ಹೋಗಿ ಬಾಲ ಮಾತ್ರ ಉಳಿದಿತ್ತು.

ಯಾರೋ ಬಳಸಿದ ಫೋನು ಕೊಂಡರೂ ತಪ್ಪಿಲ್ಲ. ಆದರೆ ಬಿಲ್ಲು ಕೇಳಿ. ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಒಂದು ನಂಬರು ಬರುತ್ತದೆ. ಬಿಲ್ಲಿನಲ್ಲೋ ಡಬ್ಬಿಯ ಮೇಲೋ ಇರುವ ನಂಬರು ಅದೇ ಆಗಿರಬೇಕು. ಒಂದೊಂದೇ ಅಂಕಿ ಓದಿ ಹೊಂದಿಸಿ ನೋಡಿ. ಬಿಲ್ಲು ಇಲ್ಲ ಅಂದರೆ ಕದ್ದ ಮಾಲು ಇರಬಹುದು. ನಾವು ಹಳೆಯದನ್ನೇ ಬಿಲ್ಲು ಸಮೇತ ಕೊಂಡೆವು.

ಫೋಟೋ ತೆಗೆಯುವ ಬಗೆ

ಕ್ಯಾಮೆರಾ ಬಂತು ಅಂತ ಫೋಟೋ ಚೆನ್ನಾಗಿ ಬರುವುದಿಲ್ಲ. ನಿಜ ಹೇಳಬೇಕೆಂದರೆ ಅರ್ಧ ಕೆಲಸ ಬಿಸಿಲಿನದು.

ಬೆಳಿಗ್ಗೆ ಏಳರಿಂದ ಒಂಬತ್ತು ಒಳ್ಳೇ ಹೊತ್ತು. ಸಂಜೆ ನಾಲ್ಕರ ಮೇಲೂ ಆಗುತ್ತದೆ. ಸೂರ್ಯ ನಿಮ್ಮ ಬೆನ್ನಿಗಿರಲಿ. ಫ್ಲ್ಯಾಶ್ ಬೇಡವೇ ಬೇಡ. ಆಡಿನ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪೊರೆ ಇದೆ. ಬೆಳಕು ಬಿದ್ದರೆ ಅದು ಹೊಳೆಯುತ್ತದೆ. ಅಂದು ಚಿರತೆ ಕಂಡದ್ದು ಅದಕ್ಕೇ. ಕರಿ ಆಡನ್ನು ಸುಣ್ಣದ ಗೋಡೆ ಮುಂದೆ ನಿಲ್ಲಿಸಿ. ಬಿಳಿ ಆಡನ್ನು ಗಿಡದ ಮುಂದೆ ನಿಲ್ಲಿಸಿ. ಸೆರಗಿನ ತುದಿಯಿಂದ ಕ್ಯಾಮೆರಾದ ಕಣ್ಣು ಮೆತ್ತಗೆ ಒರೆಸಿ. ಇದನ್ನು ಮರೆತೇ ನಾವು ಒಂದು ದಿನ ಪೂರ್ತಿ ಮಂಜು ಕವಿದ ಫೋಟೋ ತೆಗೆದಿದ್ದೆವು.

ನಿಂತು ತೆಗೆದರೆ ಬೆನ್ನು ಮಾತ್ರ ಕಾಣುತ್ತದೆ, ಕಾಲು ಗಿಡ್ಡ ಆಗುತ್ತದೆ. ಆಡಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಎಂಟು ಹತ್ತು ಅಡಿ ದೂರ ಇರಿ. ತೀರಾ ಹತ್ತಿರ ಹೋದರೆ ಮೂತಿ ದೊಡ್ಡದು, ಹಿಂಭಾಗ ಸಣ್ಣದು ಆಗಿಬಿಡುತ್ತದೆ. ಪಕ್ಕದಿಂದ ಒಂದು, ಹಿಂದಿನಿಂದ ಒಂದು, ಮುಖದ್ದು ಒಂದು. ನಾಲ್ಕು ಕಾಲಿನ ಗೊರಸೂ ಕಾಣಲಿ. ಹಲ್ಲಿಗೆ ಮಾತ್ರ ಹತ್ತಿರ ಹೋಗಿ. ಒಬ್ಬರು ತುಟಿ ಸರಿಸಲಿ, ಇನ್ನೊಬ್ಬರು ಪರದೆಯ ಮೇಲೆ ಹಲ್ಲಿರುವ ಜಾಗವನ್ನು ಬೆರಳಿಂದ ಮುಟ್ಟಿ ಆಮೇಲೆ ತೆಗೆಯಲಿ. ಹತ್ತು ಹೆಜ್ಜೆ ನಡೆಸಿ ವಿಡಿಯೋ ಮಾಡಿದರೆ ಕುಂಟು ಇಲ್ಲ ಅಂತ ಗೊತ್ತಾಗುತ್ತದೆ.

ಪಕ್ಕದಲ್ಲಿ ಒಂದು ಸ್ಲೇಟು ಇಡಿ. ಅದರ ಮೇಲೆ ನೀವೇ ಬರೆಯಿರಿ. "ಹೋತ. ಎರಡು ಹಲ್ಲು. 28 ಕಿಲೋ." ಆ ದಿನದ ತಾರೀಕು. ತೂಗಿದ ತಕ್ಕಡಿಯ ಮುಳ್ಳನ್ನೂ ಫೋಟೋ ತೆಗೆಯಿರಿ.

ಇಲ್ಲಿ ನಮಗೂ ದೊಡ್ಡಮ್ಮನಿಗೂ ಮಾತಿಗೆ ಮಾತು ಬೆಳೆಯಿತು. ಹೋತದ ಎಡಗಿವಿಯ ತುದಿ ಬೇಲಿಗೆ ಸಿಕ್ಕಿ ಸ್ವಲ್ಪ ಹರಿದಿತ್ತು. "ಕಿವಿ ಯಾಕೆ ತೋರಿಸ್ತೀಯಾ? ಬಲಗಡೆಯಿಂದ ತೆಗಿ" ಅಂದರು.

"ದೊಡ್ಡಮ್ಮಾ, ಅವರು ಬೆಂಗಳೂರಿಂದ ಗಾಡಿ ಮಾಡಿಕೊಂಡು ಬರ್ತಾರೆ. ಬಂದ ಮೇಲೆ ನೋಡಿ ಬೇಡ ಅಂದ್ರೆ? ನಾಳೆ ನಮ್ಮ ಯಾರ ಫೋಟೋನೂ ನಂಬಲ್ಲ" ಅಂದೆ.

ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಾವೇ ಕಿವಿ ಹಿಡಿದು ತೋರಿಸಿದರು. "ಇಷ್ಟು ಜನ ನೋಡಿದರೆ ದೃಷ್ಟಿ ಆಗುತ್ತೆ" ಅಂತ ಹೋತಕ್ಕೆ ನಿವಾಳಿಸಿ ಉಪ್ಪು ಹಾಕಿದರು. ಅದಕ್ಕೆ ನಾವೇನೂ ಅನ್ನಲಿಲ್ಲ.

ಕಿವಿ ನೋಡಿ ಇಬ್ಬರು ಬೇಡ ಅಂದರು. ಮೂರನೆಯವರು ಹಬ್ಬಕ್ಕಲ್ಲ, ಸಾಕಲು ಕೇಳಿದರು.

ದುಡ್ಡಿನ ವಿಷಯ

ಫೋಟೋ ಹೋದ ಕಡೆ ಮೋಸಗಾರರೂ ಇರುತ್ತಾರೆ. ಒಬ್ಬ ಫೋನು ಮಾಡಿ "ಹೋತ ನನಗೇ ಇರಲಿ. ದುಡ್ಡು ಕಳಿಸ್ತೀನಿ. ಈ ಚೌಕದ ಚಿತ್ರ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅಂದ. ನಾವು ಒತ್ತಲಿಲ್ಲ. ನೆನಪಿರಲಿ ಅಕ್ಕಾ, ದುಡ್ಡು ಬರಲು ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ನಮ್ಮ ದುಡ್ಡು ಹೋಗುತ್ತದೆ. ಫೋಟೋದಲ್ಲಿ ಹೆಣ್ಣುಮಕ್ಕಳ ಮುಖ, ಮನೆಯ ಒಳಗಿನ ಸಾಮಾನು ಬರದ ಹಾಗೆ ನೋಡಿಕೊಳ್ಳಿ. ಫೇಸ್‌ಬುಕ್‌ನ ಮಾರಾಟದ ಜಾಗದಲ್ಲಿ ಪ್ರಾಣಿ ಮಾರಲು ಆ ಕಂಪನಿಯ ನಿಯಮ ಬಿಡುವುದಿಲ್ಲ. ನಾವು ಗೊತ್ತಿರುವವರಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ.

ಸಾಕಲು ಕೇಳಿದವರು ಭಾನುವಾರ ಬಂದರು. ಫೋನು ಒಂದು ಕೈಯಲ್ಲಿ, ಹೋತದ ಕಿವಿ ಇನ್ನೊಂದು ಕೈಯಲ್ಲಿ ಹಿಡಿದು ನೋಡಿದರು. ಹಲ್ಲು ನೋಡಿದರು. ಮತ್ತೆ ತೂಗಿಸಿದರು. ಟವೆಲ್ ಇರಲಿಲ್ಲ. ಬೆಲೆ ಎಲ್ಲರಿಗೂ ಕೇಳುವ ಹಾಗೆ ಮಾತಾಡಿದೆವು. 10,800ಕ್ಕೆ ಆಯಿತು. ದೊಡ್ಡಮ್ಮ ನೋಟು ಎರಡು ಸಲ ಎಣಿಸಿದರು.

ಹೋತ ಹೋದ ಮೇಲೂ ವಾರದ ತನಕ ಫೋನು ಬರುತ್ತಲೇ ಇತ್ತು. ಅದಕ್ಕೆ ಈಗ ಮಾರಿದ ದಿನವೇ ಸ್ಲೇಟಿನಲ್ಲಿ "ಮಾರಾಟವಾಗಿದೆ" ಅಂತ ಬರೆದು, ಅದರ ಫೋಟೋ ತೆಗೆದು, ಮೊದಲು ಕಳಿಸಿದವರಿಗೆಲ್ಲಾ ಕಳಿಸುತ್ತೇವೆ. ಆಮೇಲೆ ಫೋನು ಸಂಘದ ಟ್ರಂಕಿನಲ್ಲಿ ಇಡುತ್ತೇವೆ. ಬೀಗದ ಕೈ ದೊಡ್ಡಮ್ಮನ ಹತ್ತಿರ ಇದೆ. ಮೊಮ್ಮಗ ಆಟ ಆಡಲು ಕೇಳಿದರೂ ಕೊಡುವುದಿಲ್ಲ.