ಫ್ಲೋಟ್ ಮುಳುಗಿದರೆ ಕಾರು ನಿಂತೀತು!

ಮಕ್ಕಳೇ, ಕೆಲವು ನೀರಿನ ಟ್ಯಾಂಕುಗಳ ಒಳಗೆ ಸರಳಿನ ತುದಿಯಲ್ಲಿ ಒಂದು ಟೊಳ್ಳು ಚೆಂಡು ಇರುವುದನ್ನು ನೋಡಿದ್ದೀರಾ? ನೀರು ಏರಿದಂತೆ ಚೆಂಡೂ ಏರಿ ನಲ್ಲಿಯನ್ನು ಮುಚ್ಚುತ್ತದೆ. ಚೆಂಡಿಗೆ ತೂತು ಬಿದ್ದು ಒಳಗೆ ನೀರು ಸೇರಿದರೆ ಅದು ತೇಲುವುದಿಲ್ಲ. ನಲ್ಲಿ ಮುಚ್ಚದೆ ಟ್ಯಾಂಕು ತುಂಬಿ ಹರಿಯುತ್ತದೆ. ಹಳೆಯ ಕಾರುಗಳಲ್ಲಿಯೂ ಇಂಥದೇ ತೊಂದರೆ ಬರುವುದುಂಟು. ಆದರೆ ಅಲ್ಲಿ ಹರಿಯುವುದು ನೀರಲ್ಲ, ಪೆಟ್ರೋಲ್!

ಕಾರ್ಬುರೇಟರ್ ಎಂದರೇನು?

ಪೆಟ್ರೋಲ್ ಉರಿಯಲು ಗಾಳಿ ಬೇಕು. 1 ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕಾಗುತ್ತದೆ. ಪ್ರೀಮಿಯರ್ ಪದ್ಮಿನಿ, ಹಳೆಯ ಅಂಬಾಸಡರ್‌ನಂತಹ ಕಾರುಗಳಲ್ಲಿ ಇವೆರಡನ್ನೂ ಬೆರೆಸಿ ಎಂಜಿನ್‌ಗೆ ಕಳಿಸುವ ಸಾಧನವೇ ಕಾರ್ಬುರೇಟರ್. ಅದರಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ತೊಟ್ಟಿಯೊಂದಿದೆ. ತೊಟ್ಟಿಯೊಳಗೆ ಹಿತ್ತಾಳೆಯ ಇಲ್ಲವೇ ಪ್ಲಾಸ್ಟಿಕ್ಕಿನ ಟೊಳ್ಳು ಬುರುಡೆ ತೇಲುತ್ತಿರುತ್ತದೆ. ಇದೇ ಫ್ಲೋಟ್. ಪೆಟ್ರೋಲ್ ಮಟ್ಟ ಏರಿದಾಗ ಫ್ಲೋಟ್ ಮೇಲೆದ್ದು ಸೂಜಿಯಂತಹ ಕವಾಟವನ್ನು ಒತ್ತುತ್ತದೆ. ಆಗ ಪೆಟ್ರೋಲ್ ಬರುವ ರಂಧ್ರ ಮುಚ್ಚಿಕೊಳ್ಳುತ್ತದೆ. ಮಟ್ಟ ಇಳಿದರೆ ಮತ್ತೆ ತೆರೆಯುತ್ತದೆ.

ಹಿತ್ತಾಳೆಯ ತುಂಡು ಮುಳುಗುತ್ತದೆ. ಹಿತ್ತಾಳೆಯ ಬುರುಡೆ ಹೇಗೆ ತೇಲುತ್ತದೆ? ಬುರುಡೆ ತನ್ನ ತೂಕದಷ್ಟೇ ಪೆಟ್ರೋಲನ್ನು ಪಕ್ಕಕ್ಕೆ ಸರಿಸಿ ತೇಲುತ್ತದೆ. ಇದು ಆರ್ಕಿಮಿಡಿಸ್ ತತ್ವ.

ಓವರ್‌ಫ್ಲೋ ಆದಾಗ

ರಂಧ್ರ ಮುಚ್ಚದಿದ್ದರೆ ಪೆಟ್ರೋಲ್ ಉಕ್ಕಿ ಎಂಜಿನ್ನಿಗೆ ನುಗ್ಗುತ್ತದೆ. ಗಾಳಿ ಸಾಲದೆ ಅರ್ಧಂಬರ್ಧ ಉರಿದು ಕಪ್ಪು ಹೊಗೆ ಬರುತ್ತದೆ. ಸ್ಪಾರ್ಕ್ ಪ್ಲಗ್ ಒದ್ದೆಯಾಗಿ ಕಾರು ಸ್ಟಾರ್ಟ್ ಆಗುವುದೇ ಇಲ್ಲ. ಪೆಟ್ರೋಲ್ ವಾಸನೆ ಘಾಟಾಗಿ ಬರುತ್ತದೆ. ಈ ಆವಿ ಗಾಳಿಗಿಂತ ಭಾರ. ಅದು ನೆಲದ ಬಳಿಯೇ ಹರಡಿ, ಸಣ್ಣ ಕಿಡಿ ತಗುಲಿದರೂ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಪೆಟ್ರೋಲ್ ಹೊರಗೆ ತೊಟ್ಟಿಕ್ಕುತ್ತಿದ್ದರೆ ಕೀಲಿ ತಿರುಗಿಸಲೇಬಾರದು. ಬೆಂಕಿಕಡ್ಡಿ, ಬೀಡಿ ಹತ್ತಿರ ಸುಳಿಯಬಾರದು.

ಮೆಕ್ಯಾನಿಕ್ ಕಾರಣ ಹುಡುಕುವುದು ಹೇಗೆ?

ಜಾಣ ಮೆಕ್ಯಾನಿಕ್ ಮೊದಲೇ ಎಲ್ಲವನ್ನೂ ಬಿಚ್ಚಿ ಹಾಕುವುದಿಲ್ಲ. ಸುಲಭದ ಕಾರಣದಿಂದ ಆರಂಭಿಸುತ್ತಾನೆ.

1. ಚೋಕ್ ಎಳೆದೇ ಉಳಿದಿದೆಯೇ? ಚೋಕ್ ಗಾಳಿಯನ್ನು ತಡೆಯುತ್ತದೆ. ಪೆಟ್ರೋಲ್ ಹೊರಗೆ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡು ಚೋಕ್ ಒಳಕ್ಕೆ ತಳ್ಳಿ, ಸ್ವಲ್ಪ ಹೊತ್ತು ಬಿಟ್ಟು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸ್ಟಾರ್ಟ್ ಮಾಡುತ್ತಾನೆ. ಹೆಚ್ಚು ಗಾಳಿ ನುಗ್ಗಿ ಒಳಗಿನ ಪೆಟ್ರೋಲ್ ಹೊರಟುಹೋಗುತ್ತದೆ.

2. ಸೂಜಿ ಕೂರುವ ಜಾಗದಲ್ಲಿ ಕಸ ಸಿಕ್ಕಿದೆಯೇ? ಒಂದು ಮರಳ ಕಣ ಸಾಕು, ರಂಧ್ರ ಮುಚ್ಚುವುದಿಲ್ಲ.

3. ಸೂಜಿಯ ತುದಿ ಸವೆದಿದೆಯೇ? ಸವೆದಿದ್ದರೆ ಹೊಸದನ್ನು ಹಾಕಬೇಕು.

4. ಫ್ಲೋಟ್ ತೂತಾಗಿದೆಯೇ? ಹೊರತೆಗೆದು ಕಿವಿಯ ಬಳಿ ಅಲ್ಲಾಡಿಸಿದಾಗ ಕುಲುಕುವ ಶಬ್ದ ಬಂದರೆ ಒಳಗೆ ಪೆಟ್ರೋಲ್ ಸೇರಿದೆ ಎಂದರ್ಥ. ತೂತು ಕಣ್ಣಿಗೆ ಕಾಣದಿದ್ದರೆ ಫ್ಲೋಟನ್ನು ಬಿಸಿನೀರಿನಲ್ಲಿ ಅದ್ದುತ್ತಾರೆ. ಒಳಗಿನ ಗಾಳಿ ಹಿಗ್ಗಿ, ತೂತಿರುವಲ್ಲಿ ಗುಳ್ಳೆಗಳು ಏಳುತ್ತವೆ.

ಮಾಡಿ ನೋಡಿ

ಪೆಟ್ರೋಲ್ ಮುಟ್ಟಬೇಡಿ, ನೀರಿನಿಂದಲೇ ಈ ಪ್ರಯೋಗ ಮಾಡಬಹುದು. ಬಿಗಿಯಾದ ಮುಚ್ಚಳವಿರುವ ಎರಡು ಖಾಲಿ ಪ್ಲಾಸ್ಟಿಕ್ ಸೀಸೆ ತನ್ನಿ. ಒಂದಕ್ಕೆ ಗುಂಡುಸೂಜಿಯಿಂದ ತೂತು ಮಾಡಿ. ಎರಡನ್ನೂ ಶಿಕ್ಷಕರ ನೆರವಿನಿಂದ ಬೆಚ್ಚಗಿನ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಯಾವುದರಿಂದ ಗುಳ್ಳೆ ಬರುತ್ತದೆ?

ಈಗಿನ ಹೊಸ ಕಾರುಗಳಲ್ಲಿ ಕಾರ್ಬುರೇಟರ್ ಇಲ್ಲ. ಸಂವೇದಕಗಳ ನೆರವಿನಿಂದ ಪೆಟ್ರೋಲನ್ನು ಅಳೆದು ಸಿಂಪಡಿಸುವ ವ್ಯವಸ್ಥೆ ಬಂದಿದೆ. ಆದರೆ ಫ್ಲೋಟ್ ಕಲಿಸುವ ಪಾಠ ಹಳತಾಗಿಲ್ಲ. ನಿಮ್ಮ ಶಾಲೆಯ ಟ್ಯಾಂಕು ತುಂಬಿ ಹರಿಯುತ್ತಿದ್ದರೆ ಕಾರಣಗಳನ್ನು ಇದೇ ಕ್ರಮದಲ್ಲಿ ಪಟ್ಟಿ ಮಾಡಿ ಹಿರಿಯರಿಗೆ ತಿಳಿಸಿ.

ಯೋಚಿಸಿ: ಒಂದೇ ಬುರುಡೆ ನೀರಿಗಿಂತ ಪೆಟ್ರೋಲಿನಲ್ಲಿ ಹೆಚ್ಚು ಆಳಕ್ಕೆ ಇಳಿದು ತೇಲುತ್ತದೆ. ಏಕೆ? (ಸುಳಿವು: ಪೆಟ್ರೋಲಿನ ಸಾಂದ್ರತೆ ನೀರಿಗಿಂತ ಕಡಿಮೆ.)