ಹಲಗೆಗೆ ಕಾದ ಮೇಳ



ಸಂಗೀತದ ವಿಷಯದಲ್ಲಿ ನಾನು ಪಂಡಿತನಲ್ಲ, ಕಿವಿಯುಳ್ಳವನು, ಅಷ್ಟೆ. ಕೂಡ್ಲಿಗಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ ಹುಟ್ಟಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಶಾಲೆಗಳಲ್ಲಿ ಮೇಷ್ಟರಾಗಿ ದುಡಿದು ನಿವೃತ್ತನಾದವನು. 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಈ ಐದು ತಾಲ್ಲೂಕುಗಳಲ್ಲಿ ವಾದ್ಯಗಳಿಗೆ ಬರವೆಂಬುದಿಲ್ಲ. ಹಲಗೆ, ಉರುಮೆ, ಡೊಳ್ಳು, ಸಮಾಳ, ಜೋಗತಿಯರ ಚೌಡಿಕೆ, ಗೊರವರ ಡಮರುಗ, ಮದುವೆಯ ದಿಬ್ಬಣದ ಮುಂದೆ ನಡೆಯುವ ಬ್ಯಾಂಡ್‌ಸೆಟ್ಟು, ಇವೆಲ್ಲವುಗಳ ನಡುವೆಯೇ ನನ್ನ ಆಯುಷ್ಯ ಕಳೆದಿದೆ. ಆದರೂ ಅವುಗಳನ್ನು ಸಂಗೀತವೆಂದು ನಾನು ಎಣಿಸಿದವನಲ್ಲ. ಸಂಗೀತವೆಂದರೆ ಬಾನುಲಿಯಲ್ಲಿ ಬರುವ ಮಲ್ಲಿಕಾರ್ಜುನ ಮನಸೂರರ ಹಾಡು. ಹಲಗೆಯೆಂದರೆ ತೇರಿನ ಗದ್ದಲ. ಈ ಎಣಿಕೆ ಎಲ್ಲಿ ತಪ್ಪಿತೆಂಬುದನ್ನು ನನಗೆ ತಿಳಿಸಿಕೊಟ್ಟದ್ದು, ವಿಚಿತ್ರವೆನಿಸೀತು, ಬೆಂಗಳೂರಿನಲ್ಲಿ ನಡೆದ ಒಂದು ಜಾಝ್ ಸಂಜೆ.

ಮಗನ ಒತ್ತಾಯಕ್ಕೆ ಹೋದೆ. ಮೂರು ತಂಡಗಳು ಒಂದಾದ ಮೇಲೊಂದು ನುಡಿಸುವುದಿತ್ತು. ಜಾಝ್, ಜಾನಪದ ಮತ್ತು ಫಂಕ್‌ಗಳ ಬೆರಕೆ ಎಂದು ಕರಪತ್ರದಲ್ಲಿ ಬರೆದಿತ್ತು. ಹಾಲಿಗೆ ನೀರು ಬೆರೆಸಿದ್ದನ್ನು ಕಂಡಿದ್ದೇನೆ, ಇದೂ ಅಂಥದ್ದೇ ಇದ್ದೀತೆಂದುಕೊಂಡು ಹಿಂದಿನ ಸಾಲಿನಲ್ಲಿ ಕುಳಿತೆ.

ಜಾಝ್ ಎಂದರೇನು? ಅಮೆರಿಕದ ದಕ್ಷಿಣದಲ್ಲಿ ನ್ಯೂ ಆರ್ಲಿಯನ್ಸ್ ಎಂಬ ಬಂದರು ನಗರವಿದೆ. ಆಫ್ರಿಕದಿಂದ ಗುಲಾಮರಾಗಿ ತಂದವರ ಸಂತತಿಯವರು ಅಲ್ಲಿನ ಕಾಂಗೊ ಚೌಕದಲ್ಲಿ ಭಾನುವಾರಗಳಂದು ನೆರೆದು, ತಮ್ಮ ಚರ್ಮವಾದ್ಯಗಳನ್ನು ಬಾರಿಸಿ ಕುಣಿಯುತ್ತಿದ್ದರು. ಆ ಲಯಕ್ಕೆ ಇಗರ್ಜಿಯ ಹಾಡು, ದುಡಿಮೆಯ ಹಾಡು, ಸೈನ್ಯದ ಹಿತ್ತಾಳೆ ವಾದ್ಯಗಳು ಕೂಡಿಕೊಂಡು, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹೊಸದೊಂದು ಸಂಗೀತ ಮೊಳೆಯಿತು. ಅದರ ಮೊದಲ ಧ್ವನಿಮುದ್ರಿಕೆ ಹೊರಬಂದದ್ದು 1917ರಲ್ಲಿ. ಆ ಊರಿನಲ್ಲಿ ಶವಯಾತ್ರೆಗೂ ಬ್ಯಾಂಡು ಬೇಕು. ಮಸಣಕ್ಕೆ ಹೋಗುವಾಗ ನಿಧಾನವಾದ ಭಕ್ತಿಗೀತೆ. ಹಿಂದಿರುಗುವಾಗ ಕಾಲು ತಾನಾಗಿ ಕುಣಿಯುವಂಥ ಚುರುಕು ಗತಿ. ನಮ್ಮ ಹಲಗೆಯ ಕಥೆಯೂ ಇದೇ ಅಲ್ಲವೆ? ಹೆಣದ ಮುಂದೆ ಒಂದು ಬಡಿತ, ತೇರಿನ ಮುಂದೆ ಇನ್ನೊಂದು. ವಾದ್ಯ ಅದೇ, ಕೈ ಅದೇ.

ಇನ್ನು ಅದರ ಕಟ್ಟಡವನ್ನು ನೋಡೋಣ. ಜಾಝ್ ತಂಡ ಮೊದಲು ಒಂದು ಧಾಟಿಯನ್ನು ಎಲ್ಲರೂ ಸೇರಿ ನುಡಿಸುತ್ತದೆ. ಆಮೇಲೆ ಆ ಧಾಟಿಯ ಉದ್ದವನ್ನೇ ಚಕ್ರವಾಗಿಟ್ಟುಕೊಂಡು, ಒಬ್ಬೊಬ್ಬರೂ ಸರದಿಯಂತೆ ತಮ್ಮ ಮನೋಧರ್ಮಕ್ಕೆ ತೋಚಿದ್ದನ್ನು ನುಡಿಸುತ್ತಾರೆ; ಕಡೆಗೆ ಎಲ್ಲರೂ ಮೊದಲ ಧಾಟಿಗೆ ಮರಳುತ್ತಾರೆ. ಬ್ಲೂಸ್ ಎಂಬ ಹಳೆಯ ಬಗೆಯಲ್ಲಿ ಈ ಚಕ್ರಕ್ಕೆ ಸಾಮಾನ್ಯವಾಗಿ 12 ಮನೆಗಳು, ಮನೆಗೆ 4 ಎಣಿಕೆ, ಒಟ್ಟು 48. ನಮ್ಮ ಆದಿತಾಳದ ಲೆಕ್ಕದಲ್ಲಿ ಹೇಳುವುದಾದರೆ ಸರಿಯಾಗಿ 6 ಆವರ್ತ. ಹೀಗಾಗಿ ಆವರ್ತದಲ್ಲಿ ಬೆಳೆದ ಕಿವಿಗೆ ಜಾಝ್ ತೀರ ಅಪರಿಚಿತವಲ್ಲ. ವ್ಯತ್ಯಾಸವಿರುವುದು ನಡೆಯಲ್ಲಿ. ಒಂದು ಎಣಿಕೆಯನ್ನು ಎರಡು ಸಮಭಾಗ ಮಾಡದೆ, ಮೊದಲರ್ಧವನ್ನು ತುಸು ಎಳೆದು ಎರಡನೆಯದನ್ನು ಗಿಡ್ಡ ಮಾಡುತ್ತಾರೆ. ತುಂಬಿದ ಕೊಡ ಹೊತ್ತವಳ ನಡಿಗೆಯ ಬಳುಕು ಅದಕ್ಕೆ ಬರುತ್ತದೆ. ಅದನ್ನು ಅವರು ಸ್ವಿಂಗ್ ಎನ್ನುತ್ತಾರೆ.

ಇನ್ನೊಂದು ಉಪಾಯವೂ ಅವರಲ್ಲಿದೆ. ಭರದಿಂದ ಸಾಗುತ್ತಿರುವ ಇಡೀ ಮೇಳ ತಟ್ಟನೆ ನಿಲ್ಲುತ್ತದೆ; ಆ ಬರಿದಾದ ಜಾಗದಲ್ಲಿ ಒಂದೇ ವಾದ್ಯ ಮಾತನಾಡುತ್ತದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಡಮರುಗಗಳ ಭೋರ್ಗರೆತದ ನಡುವೆ ಗೊರವಪ್ಪ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಆ ಮೌನದೊಳಗೆ ಬೀಳುವ ಒಂದೇ ಒಂದು ಕಾರಣಿಕದ ನುಡಿಗೆ ಎಂಥ ತೂಕ! ಸದ್ದಿನ ಬೆಲೆಯನ್ನು ಮೌನ ಕಟ್ಟುತ್ತದೆಂಬುದನ್ನು ನಮ್ಮವರೂ ಬಲ್ಲರು, ಅವರೂ ಬಲ್ಲರು.

ಫಂಕ್ ಇದೇ ವಂಶದ ಕಿರಿಯ ಕುಡಿ. 1960ರ ದಶಕದ ನಡುಭಾಗದಲ್ಲಿ ಜೇಮ್ಸ್ ಬ್ರೌನ್ ಎಂಬ ಗಾಯಕನ ತಂಡ ಅದನ್ನು ರೂಢಿಗೆ ತಂದಿತು. ಅಲ್ಲಿ ರಾಗದ ವಿಸ್ತಾರಕ್ಕಿಂತ ಲಯದ ಹೆಣಿಗೆ ಮುಖ್ಯ. ನಾಲ್ಕು ಎಣಿಕೆಯ ಮನೆಯನ್ನು 16 ತುಣುಕು ಮಾಡಿ, ಮೊದಲ ಎಣಿಕೆಗೆ ಎಲ್ಲರೂ ಒಟ್ಟಾಗಿ ಒತ್ತು ಕೊಡುತ್ತಾರೆ; ಉಳಿದ ತುಣುಕುಗಳನ್ನು ಡ್ರಮ್ಮು, ಬಾಸ್ ಗಿಟಾರು, ತುತ್ತೂರಿಗಳು ಹಂಚಿಕೊಳ್ಳುತ್ತವೆ. ಯಾವ ವಾದ್ಯವೂ ಹೆಚ್ಚು ನುಡಿಸುವುದಿಲ್ಲ, ಎಲ್ಲವೂ ಸೇರಿ ಬಟ್ಟೆಯಾಗುತ್ತದೆ. ಮೊದಲ ಎಣಿಕೆಗೆ ಅವರು ಕೊಡುವ ಮರ್ಯಾದೆ ನಮ್ಮ ‘ಸಮ’ಕ್ಕೆ ನಾವು ಕೊಡುವ ಮರ್ಯಾದೆಗೆ ಸಮೀಪವಾದದ್ದು.

ಈ ಸಂಗೀತಕ್ಕೂ ಕನ್ನಡ ನಾಡಿಗೂ ನಂಟು ಬೆಳೆದು ಬಹಳ ಕಾಲವಾಯಿತು. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿಯವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯ ಶಾಲೆಯನ್ನು ಕಟ್ಟಿದರು. ಆ ಬಳಗ 1983ರಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆಗೂಡಿ ಜರ್ಮನಿಯಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಮಾಡಿತು. ಆರ್.ಎ. ರಮಾಮಣಿಯವರ ಗಾಯನ, ಮಣಿಯವರ ಮೃದಂಗ, ಜೊತೆಗೆ ಘಟ, ಖಂಜಿರ, ಮೋರ್ಸಿಂಗ್, ಕೊನ್ನಕ್ಕೋಲು. ಮರಿಯಾನೊ ಅಲ್ಲಿ ಮೆರೆಯುವುದಿಲ್ಲ. ಹಾಡಿನ ಪಕ್ಕದಲ್ಲಿ ನಡೆಯುತ್ತಾರೆ. ಅತ್ತ ಕರಾವಳಿಯಲ್ಲಿ ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮರುಳಾಗಿ, ಗಮಕಕ್ಕೆ ಒಗ್ಗದ ಆ ವಾದ್ಯವನ್ನು ಗಮಕಕ್ಕೆ ಒಗ್ಗಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದರು, 2019ರಲ್ಲಿ ತೀರಿಕೊಂಡರು. ಅಮೆರಿಕದಲ್ಲಿ ಬೆಳೆದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪನವರಿಗೆ ಅವರ ಸೋದರ ತಮಾಷೆಗೆಂದು ಗೋಪಾಲನಾಥರ ಮುದ್ರಿಕೆಯೊಂದನ್ನು ಕೊಟ್ಟರಂತೆ. ಆ ತಮಾಷೆಯ ಫಲವಾಗಿ ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಹೊರಬಂತು. ಹೆಸರಿನ ಅರ್ಥ ನೆಂಟರು ಎಂದು. ಅದೇ ವರ್ಷ ರಘು ದೀಕ್ಷಿತರ ತಂಡ ಶಿಶುನಾಳ ಶರೀಫರ ಪದಗಳನ್ನು ಗಿಟಾರು, ಡ್ರಮ್ಮುಗಳೊಂದಿಗೆ ಹೊಸ ತಲೆಮಾರಿನ ಬಾಯಿಗೆ ತಂದಿತು.

ಆದರೆ ಬೆರೆಸುವುದರಲ್ಲಿಯೂ ಎರಡು ಬಗೆಯುಂಟು. ಆ ಸಂಜೆಯ ಮೊದಲ ತಂಡ ಒಬ್ಬ ತತ್ತ್ವಪದಕಾರನನ್ನು ವೇದಿಕೆಗೆ ಕರೆತಂದಿತ್ತು. ಕೀಬೋರ್ಡಿನಲ್ಲಿ ಸ್ಥಾಯಿಯೊಂದಕ್ಕೆ 12 ಸ್ವರಸ್ಥಾನಗಳು, ಮೊಳೆ ಹೊಡೆದಂತೆ ನಿಂತಿರುತ್ತವೆ. ನಮ್ಮ ಪದಕಾರನ ದನಿಯಾದರೋ ಆ ಮೊಳೆಗಳ ನಡುವೆ ಓಡಾಡುವಂಥದು; ಏಕತಾರಿಗೆ ತಕ್ಕ ಶ್ರುತಿ ಹಿಡಿದು, ಮಾತಿನ ಭಾವಕ್ಕೆ ಬೇಕಾದಲ್ಲಿ ಅರೆಗಳಿಗೆ ನಿಂತು ಮುಂದುವರಿಯುವಂಥದು. ಅಲ್ಲಿ ಯಂತ್ರದ ತಾಳ ನಿಲ್ಲಲಿಲ್ಲ. ಪಾಪ, ಹಾಡುವವನು ಹೊರಡುವ ಬಸ್ಸಿನ ಹಿಂದೆ ಓಡುವವನಂತೆ ಓಡಿದ. ಜನ ಚಪ್ಪಾಳೆ ತಟ್ಟಿದರು, ನನಗೆ ಸಂಕಟವಾಯಿತು. ಎರಡನೆಯ ತಂಡದಲ್ಲಿ ಸ್ಯಾಕ್ಸೊಫೋನಿಗೂ ಕೊನ್ನಕ್ಕೋಲಿಗೂ ಹಿತವಾದ ಜಗಳ ನಡೆಯಿತು.

ಮೂರನೆಯ ತಂಡದಲ್ಲಿ ಹಲಗೆಯಿತ್ತು. ಬಾರಿಸುವವನು ಇಪ್ಪತ್ತೈದರ ಆಸುಪಾಸಿನ ಹುಡುಗ. ಆಗ ನಡೆದ ಘಟನೆಯನ್ನು ಹೇಳಲೆಂದೇ ಇಷ್ಟು ದೂರ ಬಂದೆ. ಹೊರಗೆ ಮಳೆಯ ತೇವ, ಒಳಗೆ ತಣ್ಣಗೆ ಗಾಳಿ ಬಿಡುವ ಯಂತ್ರ. ಚರ್ಮದ ಹಲಗೆ ಸಡಿಲಾಗಿ ಸದ್ದು ಮಂಕಾಯಿತು. ಈಗ ಎಷ್ಟೋ ಕಡೆ ಚರ್ಮದ ಬದಲು ಪ್ಲಾಸ್ಟಿಕ್ಕಿನ ಹಾಳೆ ಬಿಗಿಯುತ್ತಾರೆ, ಅದಕ್ಕೆ ಚಳಿಯೂ ಇಲ್ಲ ಬೆಂಕಿಯೂ ಬೇಡ. ಈ ಹುಡುಗನದು ಚರ್ಮದ್ದು. ಅವನು ತಂಡದ ನಾಯಕಿಯ ಕಿವಿಯಲ್ಲಿ ಏನೋ ಹೇಳಿ, ಹಲಗೆಯನ್ನು ಹೆಗಲಿಗೇರಿಸಿ ಹೊರಟೇ ಹೋದ. ಅಂಗಳದಲ್ಲಿ ಕಾಗದ, ಕಸಕಡ್ಡಿ ಗುಡ್ಡೆ ಹಾಕಿ ಹಲಗೆ ಕಾಯಿಸಿಕೊಳ್ಳುತ್ತಿರುವುದು ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ತಂಡದವರು ಏನು ಮಾಡಿಯಾರು? ಅವನನ್ನು ಬಿಟ್ಟು ಮುಂದಿನ ಹಾಡಿಗೆ ಹೋಗಬಹುದಿತ್ತು. ಹೋಗಲಿಲ್ಲ. ಬಾಸ್ ಗಿಟಾರಿನವನು ಒಂದೇ ಪುಟ್ಟ ಪಲುಕನ್ನು ಹಿಡಿದು ಸುತ್ತತೊಡಗಿದ. ಡ್ರಮ್ಮಿನವಳು ಬೆರಳ ತುದಿಯಿಂದ ಜೊತೆಗೊಟ್ಟಳು. ನಾಲ್ಕೈದು ನಿಮಿಷ ಅಷ್ಟೇ. ನಡುವೆ ಹಲಗೆಗೊಂದು ಬಾಗಿಲು ತೆರೆದಿಟ್ಟಂತೆ ಎಲ್ಲರೂ ಅರ್ಧ ನುಡಿಸಿ ಅರ್ಧ ಬಿಟ್ಟರು. ಹುಡುಗ ಬಂದ. ವೇದಿಕೆ ಏರಿ ಎರಡು ಸುತ್ತು ಸುಮ್ಮನೆ ಕೇಳಿಸಿಕೊಂಡು, ಮೂರನೆಯ ಸುತ್ತಿನ ಸಮಕ್ಕೆ ಸರಿಯಾಗಿ ಕೋಲಿಟ್ಟ. ಕಾದ ಚರ್ಮದ ಆ ಕಂಚಿನಂಥ ಸದ್ದಿಗೆ ನನ್ನ ಎದೆ ಝಲ್ಲೆಂದಿತು.

ಊರಿಗೆ ಮರಳಿದ ಮೇಲೆ ನಮ್ಮೂರಿನ ಹಿರಿಯ ಹಲಗೆಗಾರ ತಾತನಿಗೆ ಇದನ್ನು ಹೇಳಿದೆ. ಮಗನ ಫೋನಿನಲ್ಲಿದ್ದ ತುಣುಕನ್ನೂ ಕೇಳಿಸಿದೆ. ಸ್ಯಾಕ್ಸೊಫೋನಿನ ಬಗ್ಗೆ ತಾತ ಏನೂ ಕೇಳಲಿಲ್ಲ. ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತ, ಎರಡನೆಯ ಸುತ್ತಿಗೇ ಫಂಕ್‌ನ ಹೆಣಿಗೆಯನ್ನು ಹಿಡಿದುಬಿಟ್ಟ. ಆಮೇಲೆ ಒಂದೇ ಮಾತು ಕೇಳಿದ: “ಹುಡುಗ ಹಲಗಿ ಕಾಸಾಕ ಹೋದಾಗ ಅವರೆಲ್ಲ ಕಾದ್ರೇನ್ರೀ ಮೇಷ್ಟ್ರೇ?”

“ಕಾದರು ತಾತ.”

“ನಮ್ಮ ತೇರು ನಮ್ಗ ಯಾವತ್ತೂ ಕಾಯ್ಲಿಲ್ಲ ಬಿಡ್ರಿ,” ಎಂದು ನಕ್ಕ.

ಆ ನಗೆ ನನ್ನನ್ನು ಚುಚ್ಚಿತು. ನನ್ನ ಚಿಕ್ಕಂದಿನಲ್ಲಿ ನಮ್ಮ ಮನೆಯ ಮದುವೆಗೆ ಇದೇ ತಾತ, ಅಂದಿನ ತರುಣ, ಇಡೀ ಇರುಳು ಬಾರಿಸಿದ್ದ. ಎಲ್ಲರ ಊಟವಾದ ಮೇಲೆ ಅವನಿಗೆ ದೂರದ ಬೇಲಿಯ ಬದಿಯಲ್ಲಿ ಎಲೆ ಹಾಕಿದ್ದರು. ಬಡಿಸಿದ ಕೈ ನನ್ನದೇ, ಎತ್ತರದಿಂದ ಬಡಿಸಿದ್ದೆ. ಹಲಗೆಯನ್ನು ನಾನು ಸಂಗೀತವೆಂದು ಕೇಳದೆ ಹೋದದ್ದು ಕಿವಿಯ ದೋಷದಿಂದಲ್ಲ ಎಂಬುದು ಅರವತ್ತು ದಾಟಿದ ಮೇಲೆ ನನಗೆ ಅರ್ಥವಾಯಿತು. ಪರದೇಶದ ಕೋಟು ತೊಟ್ಟು ಎದುರಿಗೆ ಬಂದಾಗ ಮಾತ್ರ ಅದಕ್ಕೆ ಎದ್ದು ನಿಂತೆನಲ್ಲ, ಆ ನಾಚಿಕೆ ನನ್ನದು.

ಈ ಅನ್ಯಾಯ ನಮ್ಮಲ್ಲಿ ಮಾತ್ರ ಉಂಟೆಂದು ತಿಳಿಯಬೇಕಾಗಿಲ್ಲ. ಜೇಮ್ಸ್ ಬ್ರೌನನ ತಂಡದಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಎಂಬ ಡ್ರಮ್ ವಾದಕನಿದ್ದ. ಊರಿನ ಕಾರ್ಖಾನೆ, ರೈಲುಗಳ ಸದ್ದಿನಿಂದ ಲಯ ಕಲಿತವನು. 1970ರಲ್ಲಿ ಹೊರಬಂದ ‘ಫಂಕಿ ಡ್ರಮ್ಮರ್’ ಎಂಬ ಮುದ್ರಿಕೆಯಲ್ಲಿ ಕೆಲವೇ ಸೆಕೆಂಡು ಅವನು ಒಂಟಿಯಾಗಿ ಬಾರಿಸುತ್ತಾನೆ. ಆ ತುಣುಕನ್ನು ಕತ್ತರಿಸಿ ಅಂಟಿಸಿಕೊಂಡು ಮುಂದೆ ಸಾವಿರಕ್ಕೂ ಹೆಚ್ಚು ಹಾಡುಗಳನ್ನು ಕಟ್ಟಿದರು. ಹಾಡಿನ ಒಡೆತನ ಗಾಯಕನದು. ಬಾರಿಸಿದವನಿಗೆ ಗೌರವಧನದ ಹಕ್ಕು ಬರಲಿಲ್ಲ. 2017ರಲ್ಲಿ ಅವನು ತೀರಿಕೊಂಡ. ನಮ್ಮ ದೇಶದ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ 1994ರ ತಿದ್ದುಪಡಿಯಿಂದ ಪ್ರದರ್ಶಕರಿಗೆ ಹಕ್ಕು ಬಂದಿದೆ. ಅದರ ವ್ಯಾಖ್ಯೆಯಲ್ಲಿ ಗಾಯಕ, ವಾದಕರ ಜೊತೆಗೆ ಹಾವಾಡಿಗನೂ ಇದ್ದಾನೆ. ತನ್ನ ಪ್ರದರ್ಶನಕ್ಕೆ ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನು 2012ರ ತಿದ್ದುಪಡಿ ಸೇರಿಸಿತು. ಕಾಯಿದೆಯಲ್ಲಿರುವುದು ಕರಪತ್ರಕ್ಕೆ ಇಳಿಯಬೇಕಷ್ಟೆ. ಆ ಸಂಜೆಯ ಕರಪತ್ರವನ್ನು ಮತ್ತೆ ತೆಗೆದು ನೋಡಿದೆ. ಗಿಟಾರಿನವರ, ಸ್ಯಾಕ್ಸೊಫೋನಿನವರ ಹೆಸರುಗಳಿದ್ದವು. ಹಲಗೆಯ ಹುಡುಗನ ಎದುರಿಗೆ ‘ಜಾನಪದ ಕಲಾವಿದರು’ ಎಂದಷ್ಟೇ ಇತ್ತು. ಕಾಯುವುದನ್ನು ಕಲಿತ ತಂಡವೂ ಹೆಸರಿಡಿದು ಕರೆಯುವುದನ್ನು ಇನ್ನೂ ಕಲಿತಿರಲಿಲ್ಲ.

ಬೆರಕೆಯನ್ನು ಕಂಡು ಮಡಿವಂತಿಕೆಯಿಂದ ಮೂಗು ಮುರಿಯಬೇಕಾಗಿಲ್ಲ. ಸಂಗೀತಗಳು ಬೆರೆತೇ ಬೆಳೆದಿವೆ. ನಮ್ಮ ಊರುಗಳ ಬ್ಯಾಂಡ್‌ಸೆಟ್ಟಿನ ತುತ್ತೂರಿಯೇನು ಹಂಪೆಯ ಕಲ್ಲಿನಿಂದ ಹುಟ್ಟಿದ್ದೆ? ಆದರೆ ಮುಂದೆ ಎಂದಾದರೂ ಇಂಥ ಸಂಜೆಗೆ ಹೋದಾಗ ಎರಡು ಸಂಗತಿಗಳನ್ನು ಗಮನಿಸಿರೆಂದು ಬಿನ್ನವಿಸುತ್ತೇನೆ: ಯಾರು ಯಾರಿಗೆ ಕಾಯುತ್ತಾರೆ, ಮತ್ತು ಯಾರ ಹೆಸರು ಹೇಳುತ್ತಾರೆ.

ಕಳೆದ ವರ್ಷ ನಮ್ಮೂರ ತೇರಿನ ದಿನ ಹಲಗೆಗಳು ತಣ್ಣಗಾದಾಗ, ಹಗ್ಗ ಹಿಡಿದವರಿಗೆ ತುಸು ತಾಳಿರೆಂದು ನಾನು ಕೂಗಿ ಹೇಳಿದೆ. ನನ್ನ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ತೇರು ಹೊರಟಿತು. ಬೆಂಕಿಯ ಬದಿಯಲ್ಲಿ ಕುಳಿತಿದ್ದ ತಾತ ಮಾತ್ರ ತಲೆಯೆತ್ತಿ ನೋಡಿದ. ಈ ವರ್ಷವೂ ಕೂಗುತ್ತೇನೆ.