ಗಂಟು ಬಿಚ್ಚಿಸುವ ಹಾದಿ

ಅಮೆರಿಕದ ಜಾರ್ಜಿಯಾ ರಾಜ್ಯದ ಬೆಟ್ಟಸಾಲಿನಲ್ಲಿ ನೀಲ್ ಗ್ಯಾಪ್ ಎಂಬ ಕಣಿವೆಯಿದೆ. ಅಲ್ಲೊಂದು ಕಲ್ಲಿನ ಕಟ್ಟಡ. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಸರ್ಕಾರ ಕೆಲಸ ಕೊಟ್ಟ ನಿರುದ್ಯೋಗಿ ಹುಡುಗರು ಕಟ್ಟಿದ್ದು. ಈಗ ಅದು ಚಾರಣಿಗರಿಗೆ ಬೇಕಾದ್ದನ್ನೆಲ್ಲ ಮಾರುವ ಅಂಗಡಿ. ಅಪಲಾಚಿಯನ್ ಟ್ರೇಲ್ ಎಂಬ ಕಾಲುದಾರಿ ಈ ಕಟ್ಟಡದ ನಡುವಿನ ಪಡಸಾಲೆಯನ್ನೇ ಹಾದುಹೋಗುತ್ತದೆ. ಮುಂದಿನ ಮರದ ತುಂಬ ಬಹುಕಾಲ ಹಳೆಯ ಬೂಟುಗಳು ಜೋತುಬಿದ್ದಿದ್ದವು. ದಾರಿ ಶುರುವಾಗುವ ಸ್ಪ್ರಿಂಗರ್ ಬೆಟ್ಟದಿಂದ ಇಲ್ಲಿಗೆ ಸುಮಾರು 50 ಕಿ.ಮೀ. ವಸಂತದ ಆರಂಭದಲ್ಲಿ ಹೊರಟ ಹೊಸಬರು ಮೂರ್ನಾಲ್ಕು ದಿನ ನಡೆದು, ಹಿಮ್ಮಡಿಯಲ್ಲಿ ಬೊಬ್ಬೆ, ಭುಜದ ಮೇಲೆ ಪಟ್ಟಿಯ ಬರೆ ಹೊತ್ತು ಇಲ್ಲಿ ಬಂದು ಕುಸಿಯುತ್ತಾರೆ.

ಆಮೇಲೆ ನಡೆಯುವುದಕ್ಕೆ ‘ಶೇಕ್‌ಡೌನ್’ ಎನ್ನುತ್ತಾರೆ. ಇಡೀ ದಾರಿಯನ್ನು ತಾವೇ ನಡೆದು ಬಂದ ಅಂಗಡಿಯ ಹುಡುಗರು ಹೊಸಬರ ಬ್ಯಾಗನ್ನು ನೆಲಕ್ಕೆ ಸುರಿಸಿ ಒಂದೊಂದೇ ವಸ್ತುವನ್ನು ಕೈಗೆತ್ತಿಕೊಳ್ಳುತ್ತಾರೆ. ಇದೇಕೆ? ಇದನ್ನು ಈವರೆಗೆ ಎಷ್ಟು ಸಲ ಹೊರಗೆ ತೆಗೆದಿರಿ? ಮರ ಕಡಿಯುವಂಥ ಚಾಕು, ಒದ್ದೆಯಾದರೆ ಒಣಗದ ಜೀನ್ಸ್, ಎರಡೆರಡು ಪಾತ್ರೆ, ದಪ್ಪ ಪುಸ್ತಕ, ಮೂರನೇ ಜೊತೆ ಬಟ್ಟೆ. ಬೇಡವಾದದ್ದೆಲ್ಲ ರಟ್ಟಿನ ಪೆಟ್ಟಿಗೆ ಸೇರಿ ಅಂಚೆಯಲ್ಲಿ ಮನೆಗೆ ಹೋಗುತ್ತದೆ. ಮಾಲು ಕಟ್ಟುವುದೇ ಕಸುಬಾದ ಅಂಗಡಿಯವರು ಇರುವ ಮಾಲನ್ನೂ ಬಿಚ್ಚಿಸಿ ಕಳಿಸುವ ವಿಚಿತ್ರ ಇದು. (ಬಿಟ್ಟದ್ದರ ಜಾಗಕ್ಕೆ ಹಗುರವಾದದ್ದು ಅಲ್ಲೇ ಮಾರಾಟಕ್ಕಿರುತ್ತದೆ ಎನ್ನುವುದೂ ನಿಜ.)

ಹಳಬರು ಹೊಸಬರ ಗಂಟು ಬಿಚ್ಚಿಸುವ ಈ ರೂಢಿ ದಾರಿಯ ಮೂಲ ನಕ್ಷೆಯಲ್ಲಿ ಎಲ್ಲೂ ಇರಲಿಲ್ಲ. ಅಷ್ಟೇಕೆ, ದಾರಿಯನ್ನು ಒಬ್ಬನೇ ಮನುಷ್ಯ ತುದಿಯಿಂದ ತುದಿಗೆ ನಡೆದಾನು ಎಂಬ ನಿರೀಕ್ಷೆಯೂ ಇರಲಿಲ್ಲ.

ನಕ್ಷೆ ಹಾಕಿದವರು ಬೆಂಟನ್ ಮೆಕೈ. ಅರಣ್ಯ ಅಧಿಕಾರಿಯಾಗಿದ್ದು ಪ್ರಾದೇಶಿಕ ಯೋಜನೆಯ ಚಿಂತಕರಾದವರು. 1921ರಲ್ಲಿ ಹೆಂಡತಿಯನ್ನು ಕಳೆದುಕೊಂಡ ಅವರು, ಅದೇ ವರ್ಷದ ಅಕ್ಟೋಬರ್‌ನಲ್ಲಿ ವಾಸ್ತುಶಿಲ್ಪಿಗಳ ಪತ್ರಿಕೆಯೊಂದರಲ್ಲಿ ಈ ದಾರಿಯ ಪ್ರಸ್ತಾಪವನ್ನು ಪ್ರಕಟಿಸಿದರು. ಕಾರ್ಖಾನೆ, ಕಚೇರಿಗಳಲ್ಲಿ ಬಸವಳಿದ ನಗರದ ಜನರಿಗೆ ಬೆಟ್ಟದ ಮೇಲೆ ಶಿಬಿರ, ಹೊಲ, ವಿರಾಮ ಸಿಗಬೇಕು. ಇವನ್ನೆಲ್ಲ ಪೋಣಿಸುವ ದಾರವಾಗಿ ಕಾಲುದಾರಿ ಇರಬೇಕು ಎಂಬುದು ಅವರ ಕನಸು. ಅದನ್ನು ನೆಲಕ್ಕಿಳಿಸಿದವರು ವಕೀಲ ಮೈರಾನ್ ಏವರಿ. ದೂರ ಅಳೆಯುವ ಚಕ್ರವನ್ನು ತಳ್ಳುತ್ತಾ ನಡೆಯುತ್ತಿದ್ದ, ಯಾರ ಮಾತನ್ನೂ ಸಹಿಸದ ಆಸಾಮಿ. ಕೊನೆಗೆ ಮೆಕೈಗೂ ಅವರಿಗೂ ಮಾತೇ ಕೆಟ್ಟಿತು. 1937ರಲ್ಲಿ ದಾರಿ ಪೂರ್ಣಗೊಂಡಾಗ ಉತ್ತರದ ಮೇನ್ ರಾಜ್ಯದ ಕಟಾಡಿನ್ ಬೆಟ್ಟದಿಂದ ಜಾರ್ಜಿಯಾದವರೆಗೆ ಹದಿನಾಲ್ಕು ರಾಜ್ಯಗಳು ಒಂದೇ ಕಾಲುದಾರಿಯಲ್ಲಿ ಕೂಡಿದ್ದವು. ಇಂದಿನ ಅಳತೆಯಲ್ಲಿ ಸುಮಾರು 3,500 ಕಿ.ಮೀ. ನಮ್ಮ ಶ್ರೀನಗರ–ಕನ್ಯಾಕುಮಾರಿ ಹೆದ್ದಾರಿಗಿಂತ ಕಡಿಮೆ. ಅವರವರ ಊರಿನ ಪಾಲನ್ನು ಕಡಿದು, ಗುರುತು ಬಳಿದು, ಭಾನುವಾರ ನಡೆದು ಮನೆಗೆ ಮರಳುವ ಚಾರಣ ಸಂಘಗಳೇ ಆಗ ದಾರಿಯ ಯಜಮಾನರು.

1948ರಲ್ಲಿ ಪೆನ್ಸಿಲ್ವೇನಿಯಾದ ಅರ್ಲ್ ಶಾಫರ್ ಎಂಬ ಮಾಜಿ ಸೈನಿಕ ಆ ಇಡೀ ದಾರಿಯನ್ನು 124 ದಿನಗಳಲ್ಲಿ ನಡೆದು ಮುಗಿಸಿದ. ಜೊತೆಗೇ ಈ ದಾರಿ ನಡೆಯಬೇಕೆಂದು ಮಾತಾಡಿಕೊಂಡಿದ್ದ ಗೆಳೆಯ ಎರಡನೇ ಮಹಾಯುದ್ಧದಲ್ಲಿ, ಇವೊ ಜಿಮಾ ದ್ವೀಪದ ಕಾಳಗದಲ್ಲಿ ಸತ್ತಿದ್ದ. ಯುದ್ಧವನ್ನು ಮೈಮನಸ್ಸಿನಿಂದ ನಡೆದೇ ಕಳೆದುಕೊಳ್ಳಬೇಕಿತ್ತು ಶಾಫರ್‌ಗೆ. ಟ್ರೇಲ್‌ನ ಹಿರಿಯರು ಮೊದಲು ನಂಬಲಿಲ್ಲ. ದಿನಚರಿ, ಬಣ್ಣದ ಸ್ಲೈಡುಗಳನ್ನು ತೋರಿಸಿ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ ಮೇಲೆಯೇ ಒಪ್ಪಿದ್ದು. ಹೊಸಬನನ್ನು ಅನುಮಾನದಿಂದ ನೋಡುವುದು ಆಗಿನ ಕಾಲದ ಸ್ವಾಗತ.

ಎಮ್ಮಾ ಗೇಟ್‌ವುಡ್‌ಗಂತೂ ಇನ್ನೂ ಕಟುವಾದ ಸ್ವಾಗತ. ಓಹಾಯೊದ ರೈತಾಪಿ ಹೆಂಗಸು, ಹನ್ನೊಂದು ಮಕ್ಕಳ ತಾಯಿ, ಗಂಡನ ಹೊಡೆತ ತಿಂದು ತಿಂದು ಕೊನೆಗೆ ವಿಚ್ಛೇದನ ಪಡೆದವರು. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಈ ದಾರಿಯ ಬಗ್ಗೆ ಓದಿದ ಅವರು 1954ರಲ್ಲಿ ಕಟಾಡಿನ್ ಕಡೆಯಿಂದ ಹೊರಟರು. ಕೆಲವೇ ದಿನಗಳಲ್ಲಿ ದಾರಿ ತಪ್ಪಿತು, ಕನ್ನಡಕ ಒಡೆಯಿತು. ಪತ್ತೆ ಹಚ್ಚಿದ ಅರಣ್ಯ ಸಿಬ್ಬಂದಿ ‘ಮನೆಗೆ ಹೋಗಮ್ಮ’ ಎಂಬ ಧಾಟಿಯಲ್ಲೇ ಬುದ್ಧಿ ಹೇಳಿ ಕಳಿಸಿದರು. ಮರುವರ್ಷ, 67ನೇ ವಯಸ್ಸಿನಲ್ಲಿ, ಸ್ವಲ್ಪ ನಡೆದು ಬರುತ್ತೇನೆಂದು ಮಕ್ಕಳಿಗೆ ಹೇಳಿ ಜಾರ್ಜಿಯಾದ ಕಡೆಯಿಂದ ಹೊರಟುಬಿಟ್ಟರು.

ಅವರ ಗಂಟನ್ನು ನೋಡಬೇಕು. ತಾವೇ ಹೊಲಿದ ಡೆನಿಮ್ ಚೀಲ, ಒಂದು ಕಂಬಳಿ, ಮಳೆಗೆ ಸ್ನಾನದ ಕೋಣೆಯ ಪ್ಲಾಸ್ಟಿಕ್ ಪರದೆ. ಕಾಲಿಗೆ ಕ್ಯಾನ್ವಾಸ್ ಬೂಟು. ಟೆಂಟಿಲ್ಲ, ಮಲಗುವ ಚೀಲವಿಲ್ಲ. ಊಟಕ್ಕೆ ಡಬ್ಬಿಯ ಸಾಸೇಜು, ಒಣದ್ರಾಕ್ಷಿ, ಕಡಲೆಬೀಜ. ಚಳಿಯ ರಾತ್ರಿ ಚಪ್ಪಟೆ ಕಲ್ಲುಗಳನ್ನು ಬೆಂಕಿಯಲ್ಲಿ ಕಾಯಿಸಿ ಅದರ ಮೇಲೆ ಮಲಗುತ್ತಿದ್ದರು. ಮನೆಗಳು ಸಿಕ್ಕರೆ ಜಗಲಿ ಕೇಳುತ್ತಿದ್ದರು. ಕೆಲವರು ಉಣ್ಣಿಸಿದರು, ಕೆಲವರು ಬಾಗಿಲು ಹಾಕಿಕೊಂಡರು. ಮಾಸಪತ್ರಿಕೆ ಹೇಳಿದಷ್ಟು ದಾರಿ ಚೆನ್ನಾಗಿಲ್ಲವೆಂದು ಪತ್ರಕರ್ತರೆದುರು ಗೊಣಗುತ್ತಲೇ 146 ದಿನಗಳಲ್ಲಿ ಕಟಾಡಿನ್ ಏರಿದರು. ಈ ದಾರಿಯನ್ನು ಒಂಟಿಯಾಗಿ, ಒಂದೇ ಉಸಿರಿಗೆ ಪೂರ್ತಿ ನಡೆದ ಮೊದಲ ಹೆಂಗಸು. 1957ರಲ್ಲಿ ಮತ್ತೊಮ್ಮೆ ನಡೆದರು. ಬಳಿಕ ತುಂಡು ತುಂಡಾಗಿ ಮೂರನೇ ಸಲವನ್ನೂ 1964ರಲ್ಲಿ ಮುಗಿಸಿದರು.

1968ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ ಈ ದಾರಿಗೆ ರಾಷ್ಟ್ರೀಯ ಮಾನ್ಯತೆ ಕೊಟ್ಟಿತು. 1971ರಲ್ಲಿ ಎಡ್ ಗಾರ್ವಿ ತಮ್ಮ ನಡಿಗೆಯ ಪುಸ್ತಕ ತಂದರು. ಏನು ಹೊರಬೇಕು, ಎಲ್ಲಿ ರೇಷನ್ ಸಿಗುತ್ತದೆ ಎಂಬ ಲೆಕ್ಕಾಚಾರವೆಲ್ಲ ಅದರಲ್ಲಿತ್ತು. ಆಮೇಲೆ ಹೆಚ್ಚಿನವರು ಒಂದೇ ಋತುವಿನಲ್ಲಿ, ದಕ್ಷಿಣದಿಂದ ಉತ್ತರಕ್ಕೆ ಒಂದೇ ದಿಕ್ಕಿನಲ್ಲಿ ಹೊರಡತೊಡಗಿದರು. ಸಮುದಾಯ ಹುಟ್ಟಿದ್ದರ ಗುಟ್ಟು ಇದೇ ಇರಬೇಕು. ಹಗಲೆಲ್ಲ ಒಂಟಿ, ಆದರೆ ಸಂಜೆ ಮೂರು ಗೋಡೆಯ ತಂಗುದಾಣದಲ್ಲಿ ನಿನ್ನೆಯ ಮುಖಗಳೇ. ಅಲ್ಲಿ ಇಟ್ಟಿರುವ ನೋಟ್‌ಬುಕ್ಕಿನಲ್ಲಿ ಮುಂದೆ ಹೋದವರು ಹಿಂದೆ ಬರುವವರಿಗೆ ನೀರೆಲ್ಲಿದೆ, ಇಲಿಕಾಟ ಎಷ್ಟು ಎಂದು ಬರೆದಿಡುತ್ತಾರೆ. ಸಹಿ ಮಾಡುವುದು ದಾರಿಯಲ್ಲಿ ಸಿಕ್ಕ ಅಡ್ಡಹೆಸರಿನಿಂದ. ಹೆಚ್ಚಾಗಿ ಅದನ್ನು ಇಡುವವರು ಬೇರೆಯವರು. ಮೊದಲ ವಾರದ ಎಡವಟ್ಟೇ ಹೆಸರಾಗಿ ಅಂಟಿಕೊಳ್ಳುವುದೂ ಉಂಟು. ಒಡನಾಡಿಯ ನಿಜವಾದ ಹೆಸರು, ಸಂಬಳ, ಹುದ್ದೆ ತಿಂಗಳುಗಟ್ಟಲೆ ಗೊತ್ತಿರುವುದಿಲ್ಲ.

1990ರಲ್ಲಿ ಬಿಲ್ ಅರ್ವಿನ್ ಎಂಬ ಅಂಧರು ಓರಿಯೆಂಟ್ ಎಂಬ ನಾಯಿಯನ್ನು ಹಿಡಿದು ಹೊರಟಾಗ ಆ ಜೋಡಿಗೆ ‘ಓರಿಯೆಂಟ್ ಎಕ್ಸ್‌ಪ್ರೆಸ್’ ಎಂಬ ಹೆಸರು ಬಿತ್ತು. ಚಾರಣದ ಅನುಭವ ಅವರಿಗೆ ಇಲ್ಲವೆನ್ನುವಷ್ಟು ಕಡಿಮೆ. ಮಾರ್ಚ್‌ನಲ್ಲಿ ಹೊರಟವರು, ಲೆಕ್ಕವಿಲ್ಲದಷ್ಟು ಸಲ ಬಿದ್ದೆದ್ದು, ನವೆಂಬರ್‌ನಲ್ಲಿ ಮುಗಿಸಿದರು.

ಅನುಭವಸ್ಥರಲ್ಲೇ ಜಗಳ ಹಚ್ಚಿದ್ದು ಪಶ್ಚಿಮ ಕರಾವಳಿಯ ಇನ್ನೊಂದು ದಾರಿಯ ನಡಿಗೆಗಾರ, ರೇ ಜಾರ್ಡೀನ್. ಬಂಡೆ ಏರುವವರು ಬಳಸುವ ‘ಫ್ರೆಂಡ್’ ಎಂಬ ಉಪಕರಣ ಕಂಡುಹಿಡಿದ ಎಂಜಿನಿಯರ್. ಭಾರದ ಚರ್ಮದ ಬೂಟು ಬೇಡ, ಓಟದ ಶೂ ಸಾಕು. ಟೆಂಟ್ ಬೇಡ, ಟಾರ್ಪಾಲ್ ಸಾಕು. ಚೀಲವನ್ನು ನೀವೇ ಹೊಲಿದುಕೊಳ್ಳಿ ಎಂದು 1992ರ ಕೈಪಿಡಿಯಲ್ಲಿ ಬರೆದರು. ಇದು ಅಪಾಯಕ್ಕೆ ದಾರಿ ಎಂದು ಒಂದು ಬಣ, ಇದೇ ಬಿಡುಗಡೆ ಎಂದು ಇನ್ನೊಂದು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಕತ್ತರಿಸಿ ಗ್ರಾಂ ಉಳಿಸುವವರೂ ಹುಟ್ಟಿಕೊಂಡರು. ‘ನಿನ್ನ ನಡಿಗೆ ನಿನ್ನದು’ ಎಂಬರ್ಥದ ಮಾತು ಚಾರಣಿಗರ ಬಾಯಲ್ಲಿ ಇಂಥ ವಾದಗಳಿಗೆಲ್ಲ ಕದನವಿರಾಮವಾಯಿತು. ತಮಾಷೆಯೆಂದರೆ, ಹಗುರ ನಡಿಗೆಯವರು ಈಗ ತಮ್ಮ ಹಿರಿಯಜ್ಜಿಯೆಂದು ಹೆಸರಿಸುವುದು ಎಮ್ಮಾ ಗೇಟ್‌ವುಡ್ ಅವರನ್ನು. ಹಳಬರು ವಾಪಸು ಕಳಿಸಿದ್ದ ಹೊಸಬಳ ಪ್ಲಾಸ್ಟಿಕ್ ಪರದೆ ಇವತ್ತು ಹಳಬರ ಪಾಠ.

1998ರಲ್ಲಿ ಬಿಲ್ ಬ್ರೈಸನ್ ಬರೆದ ‘ಎ ವಾಕ್ ಇನ್ ದಿ ವುಡ್ಸ್’ ಈ ದಾರಿಯ ಅತಿ ಪ್ರಸಿದ್ಧ ಪುಸ್ತಕವಾಯಿತು. ಏನೂ ಗೊತ್ತಿಲ್ಲದೆ ಹೊರಟ ಇಬ್ಬರ ಕಥೆ. ಭಾರ ತಾಳದೆ ಗೆಳೆಯ ಕಾಟ್ಜ್ ತಿನ್ನುವ ಸಾಮಾನನ್ನೇ ದಾರಿಯಲ್ಲಿ ಎಸೆದುಬಿಡುತ್ತಾನೆ. ಇಬ್ಬರೂ ಪೂರ್ತಿ ನಡೆಯಲಿಲ್ಲ, ಆದರೆ ಅವರ ಪುಸ್ತಕ ಓದಿ ಬಂದವರಿಗೆ ಲೆಕ್ಕವಿಲ್ಲ. ಅದೇ ವರ್ಷ ಅರ್ಲ್ ಶಾಫರ್ 79ನೇ ವಯಸ್ಸಿನಲ್ಲಿ ಮೂರನೇ ಸಲ ದಾರಿ ಮುಗಿಸಿದರು. ಐವತ್ತು ವರ್ಷಗಳಲ್ಲಿ ದಾರಿಯನ್ನು ರಸ್ತೆ, ಹೊಲಗಳಿಂದ ಬಿಡಿಸಿ ಕಡಿದಾದ ಬೆನ್ನೇಣುಗಳ ಮೇಲೆ ಹತ್ತಿಸಿದ್ದರು. ಇದು ವಿಪರೀತ ಕಷ್ಟವಾಯಿತೆಂದು ಮೊದಲಿಗರೇ ದೂರಿದರು.

ತುದಿ ಮುಟ್ಟಲೆಂದು ಹೊರಟವರಲ್ಲಿ ಈಗಲೂ ಮುಗಿಸುವವರು ನಾಲ್ಕರಲ್ಲಿ ಒಬ್ಬರು. ಮುಗಿಸಿದವರಲ್ಲಿ ಕೆಲವರು ದಾರಿ ಬಿಟ್ಟು ಹೋಗುವುದೇ ಇಲ್ಲ. ಹಾಸ್ಟೆಲ್ ನಡೆಸುತ್ತಾರೆ, ಚಾರಣಿಗರನ್ನು ಪೇಟೆಗೆ ಕರೆದೊಯ್ಯುವ ವ್ಯಾನ್ ಓಡಿಸುತ್ತಾರೆ, ಬಿದ್ದ ಮರ ಕಡಿಯುತ್ತಾರೆ. ಇನ್ನು ಕೆಲವರು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ವರ್ಜೀನಿಯಾದ ಡಮಾಸ್ಕಸ್‌ಗೆ ಬರುತ್ತಾರೆ. ಸ್ಪ್ರಿಂಗರ್ ಬೆಟ್ಟದಿಂದ ಸುಮಾರು 750 ಕಿ.ಮೀ. ದೂರದ ಈ ಪುಟ್ಟ ಊರಿನ ಮುಖ್ಯರಸ್ತೆಯೇ ಟ್ರೇಲ್. 1987ರಿಂದ ಇಲ್ಲಿ ನಡೆಯುವ ‘ಟ್ರೇಲ್ ಡೇಸ್’ ಹಬ್ಬದಲ್ಲಿ ಚಾರಣಿಗರ ಮೆರವಣಿಗೆಯಿದೆ. ತಾವು ನಡೆದ ವರ್ಷದ ಬ್ಯಾನರ್ ಹಿಡಿದು ದಶಕಗಳ ಹಿಂದಿನವರೂ ಬರುತ್ತಾರೆ. ಜಾರ್ಜಿಯಾದಿಂದ ಈಗಷ್ಟೇ ನಡೆದು ಬಂದವರು ಈ ವರ್ಷದ ಬ್ಯಾನರಿನ ಹಿಂದೆ. ಬೀದಿಯ ಇಕ್ಕೆಲದ ಜನ ಪಿಚಕಾರಿಯಿಂದ ನೀರು ಎರಚುತ್ತಾರೆ, ನಡೆಯುವವರೂ ಬಲೂನುಗಳಲ್ಲಿ ತಿರುಗೇಟು ಕೊಡುತ್ತಾರೆ.